ಕುರುಹಿಲ್ಲದ ವಿಷವೂ ನಮ್ಮ ತೀರ್ಪೂ



ಮನುಷ್ಯನು ಮಾಡಿದ ಪಾಪವು ಯಾವ ಕುರುಹನ್ನೂ ಉಳಿಸದೆ ಮಾಯವಾಗುವದಾದರೆ ಅದನ್ನು ವಿಚಾರಿಸುವವರು ಯಾರು? ಈ ಪ್ರಶ್ನೆಯು ಹೊಸದಲ್ಲ. ಯೆರಿಕೋ ಪಟ್ಟಣವು ಬಿದ್ದ ಮೇಲೆ ಆಕಾನನು ಒಂದು ನಿಲುವಂಗಿಯನ್ನೂ ಬೆಳ್ಳಿಬಂಗಾರವನ್ನೂ ತನ್ನ ಡೇರೆಯ ನೆಲದಲ್ಲಿ ಹೂತಿಟ್ಟಾಗ ಅವನ ಮನಸ್ಸಿನಲ್ಲಿದ್ದದ್ದು ಇದೇ ಎಣಿಕೆ: ಮಣ್ಣು ಮುಚ್ಚಿತು, ಕಂಡವರಿಲ್ಲ. ಆದರೂ ಹೂತಿಟ್ಟ ಬೆಳ್ಳಿಯನ್ನು ಅಗೆದು ತೆಗೆಯಬಹುದು. ಅಗೆದರೂ ಸಿಕ್ಕದಂಥದು, ಹೂತ ಗಳಿಗೆಯಲ್ಲಿಯೇ ಮಣ್ಣಾಗಿ ಹೋಗುವಂಥದು ಒಂದಿದ್ದರೆ ಏನು ಮಾಡುವದು? ಅಂಥದು ತನ್ನ ಕೈಯಲ್ಲಿದೆ ಎಂದೆಣಿಸಿದ ಒಬ್ಬ ಮನುಷ್ಯನ ಸಂಗತಿಯನ್ನೂ, ಅವನ ಕೃತ್ಯವನ್ನು ಹುಡುಕಿದವರ ಕೆಲಸವನ್ನೂ, ಅದರಿಂದ ನಮ್ಮ ಸಭೆಗಳಿಗೆ ತಗಲುವ ಒಂದು ಮಾತನ್ನೂ ಇಲ್ಲಿ ಬರೆಯುತ್ತೇನೆ.

ಆ ವಸ್ತುವು ಹುಟ್ಟಿನಿಂದ ವಿಷವಲ್ಲ, ಔಷಧವೇ. ನಿಮ್ಮಲ್ಲಿ ಅನೇಕರು ಅದನ್ನು ಬಲ್ಲಿರಿ. ಸಕ್ಕರೆ ರೋಗವುಳ್ಳವರ ಮನೆಯಲ್ಲಿ, ತಣ್ಣಗಿಡುವ ಪೆಟ್ಟಿಗೆ ಇಲ್ಲದಿದ್ದರೆ ನೀರು ಜಿನುಗುವ ಮಣ್ಣಿನ ಮಡಿಕೆಯೊಳಗೆ ಜೋಪಾನವಾಗಿ ಇಟ್ಟಿರುವ ಚಿಕ್ಕ ಸೀಸೆಯೇ ಅದು, ಹೆಸರು ಇನ್ಸುಲಿನ್. ಆರೋಗ್ಯವಂತನಲ್ಲಿ ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯು ಇದನ್ನು ತಾನೇ ಉಂಟುಮಾಡುವದು. ರಕ್ತದಲ್ಲಿರುವ ಸಕ್ಕರೆಯನ್ನು ಮಾಂಸಖಂಡಗಳೊಳಗೆ ಸೇರಿಸುವದು ಇದರ ಕೆಲಸ. 1921ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಎಂಬ ವೈದ್ಯನೂ ಬೆಸ್ಟ್ ಎಂಬ ತರುಣನೂ ಇದನ್ನು ಪ್ರಾಣಿಯ ಗ್ರಂಥಿಯಿಂದ ತೆಗೆದರು. 1922ರ ಜನವರಿ ತಿಂಗಳಲ್ಲಿ ಸಾವಿನ ಬಾಗಿಲಲ್ಲಿದ್ದ 14 ವರುಷದ ಒಬ್ಬ ಹುಡುಗನಿಗೆ ಅದನ್ನು ಕೊಟ್ಟಾಗ ಅವನು ಬದುಕಿದನು. ಶೋಧಕರು ಅದರ ಹಕ್ಕನ್ನು ಒಂದೊಂದು ಡಾಲರು ಮಾತ್ರ ತೆಗೆದುಕೊಂಡು ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಲೋಕದಲ್ಲಿ ಇಷ್ಟು ಜೀವಗಳನ್ನು ಉಳಿಸಿದ ವಸ್ತುವು ಇಷ್ಟು ಅಗ್ಗವಾಗಿ ಕೈಬದಲಾದದ್ದು ಅಪರೂಪ.

ಆದರೆ ಅಳತೆ ಮೀರಿದರೆ ಇದೇ ಔಷಧವು ರಕ್ತದ ಸಕ್ಕರೆಯನ್ನು ತೀರ ಕೆಳಗಿಳಿಸುವದು. ಮೆದುಳಿಗೆ ಸಕ್ಕರೆಯೇ ಆಹಾರ. ಆ ಆಹಾರವು ತಪ್ಪಿದರೆ ಮನುಷ್ಯನು ಬೆವರುವನು, ನಡುಗುವನು, ಅಡ್ಡಾದಿಡ್ಡಿ ಮಾತಾಡುವನು. ಆ ಮೇಲೆ ಸೆಳವು, ಮೂರ್ಛೆ, ಕಡೆಗೆ ಮರಣ.

1957ರ ಮೇ 3ರ ರಾತ್ರಿ, ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಕೆನೆತ್ ಬಾರ್ಲೋ ಎಂಬ ಶುಶ್ರೂಷಕನ ಮನೆಗೆ ವೈದ್ಯನು ಕರೆಯಲ್ಪಟ್ಟನು. ಬಾರ್ಲೋವಿನ ಹೆಂಡತಿಯಾದ ಎಲಿಜಬೆತ್ ಸ್ನಾನದ ತೊಟ್ಟಿಯಲ್ಲಿ ಸತ್ತುಬಿದ್ದಿದ್ದಳು. ಗಂಡನು ಹೇಳಿದ್ದೇನಂದರೆ, ಅವಳಿಗೆ ಸಂಜೆ ವಾಂತಿಯಾಯಿತು, ಮೈ ಬೆವರಿತು, ಸ್ನಾನಕ್ಕೆ ಹೋದಳು; ತಾನು ಮಲಗಿ ನಿದ್ದೆಹೋಗಿ ಎಚ್ಚತ್ತು ನೋಡುವಾಗ ಅವಳು ನೀರಿನಲ್ಲಿ ಮುಳುಗಿದ್ದಳು; ಎತ್ತಲಾರದೆ ನೀರನ್ನು ಹೊರಬಿಟ್ಟು ಉಸಿರು ತರಿಸಲು ಬಹಳವಾಗಿ ಪ್ರಯಾಸಪಟ್ಟೆನು ಎಂದು. ಕೇಳಿದವರಿಗೆ ಕನಿಕರ ಹುಟ್ಟಬೇಕಾದ ಮಾತು. ಆದರೆ ಅಷ್ಟು ಪ್ರಯಾಸಪಟ್ಟವನ ರಾತ್ರಿಯ ಉಡುಪು ಒಣಗಿತ್ತು. ಸತ್ತವಳ ಮೊಣಕೈಗಳ ಮಡಿಕೆಯಲ್ಲಿ ನೀರು ಇನ್ನೂ ನಿಂತಿತ್ತು. ಕಣ್ಣಿನ ಪಾಪೆಗಳು ಅತಿಯಾಗಿ ಅಗಲವಾಗಿದ್ದವು. ಅಡಿಗೆಮನೆಯಲ್ಲಿ ಎರಡು ಸೂಜಿನಳಿಗೆಗಳು ಸಿಕ್ಕಿದವು. ಅವು ತನ್ನ ಕುರುವಿಗೆ ಪೆನಿಸಿಲಿನ್ ಹಾಕಿಕೊಂಡವು ಎಂದು ಅವನು ಹೇಳಿದನು. ನೋಡಿದರೆ ಪೆನಿಸಿಲಿನ್ ಅಂಶವು ಅವುಗಳಲ್ಲಿ ನಿಜವಾಗಿಯೂ ಇತ್ತು. ಸುಳ್ಳನ್ನು ಸತ್ಯದ ತುಣುಕಿನಿಂದ ಹೊದಿಸುವವನನ್ನು ಹಿಡಿಯುವದು ಎಷ್ಟು ಕಷ್ಟವೆಂಬದು ನ್ಯಾಯಪಂಚಾಯಿತಿಯಲ್ಲಿ ಕೂತಿದ್ದವರಿಗೆ ಗೊತ್ತು.

ವೈದ್ಯರು ಶವವನ್ನು ಪರೀಕ್ಷಿಸಿದರು. ಅವಳು ಗರ್ಭಿಣಿಯಾಗಿದ್ದಳು. ತಿಳಿದಿದ್ದ ವಿಷಗಳನ್ನೆಲ್ಲಾ ಹುಡುಕಿದರು, ಒಂದೂ ಸಿಕ್ಕಲಿಲ್ಲ. ಆಕೆಯ ಚರ್ಮದಲ್ಲಿ ಕಂದು ಚುಕ್ಕೆಗಳು ಬಹಳ ಇದ್ದದರಿಂದ ಮೈಯ ಮೇಲಿನ ಗುರುತುಗಳನ್ನು ಕಾಣುವದೂ ಸುಲಭವಾಗಿರಲಿಲ್ಲ. ಕಡೆಗೆ ಡಾಕ್ಟರ್ ಪ್ರೈಸ್ ಎಂಬವನು ಪ್ರಕಾಶವಾದ ದೀಪವನ್ನು ಹಿಡಿದು ಭೂತಗನ್ನಡಿಯಿಂದ ಅಂಗುಲ ಅಂಗುಲವಾಗಿ ನೋಡಿ, ಪೃಷ್ಠಭಾಗದ ಎರಡು ಕಡೆಗಳಲ್ಲಿಯೂ ಸೂಜಿಯ ಮೊನೆಯ ಗುರುತುಗಳನ್ನು ಕಂಡುಹಿಡಿದನು. ವಾಂತಿ, ಬೆವರು, ಅಗಲವಾದ ಪಾಪೆಗಳು ಇವುಗಳನ್ನೆಲ್ಲಾ ಕೂಡಿಸಿ ಯೋಚಿಸುವಾಗ ಇದು ಇನ್ಸುಲಿನ್ ಕೆಲಸವೆಂದು ಅವರಿಗೆ ತೋರಿತು. ಆದರೆ ತೋರುವದು ಬೇರೆ, ಸಿದ್ಧವಾಗುವದು ಬೇರೆ. ಆ ಕಾಲದಲ್ಲಿ ಸತ್ತವರ ಮಾಂಸದಲ್ಲಿ ಇನ್ಸುಲಿನನ್ನು ಕಂಡುಹಿಡಿಯುವ ಮಾರ್ಗವು ಯಾರಿಗೂ ತಿಳಿದಿರಲಿಲ್ಲ. ಅಂಥ ಕೊಲೆಯು ಯಾವ ನ್ಯಾಯಸ್ಥಾನದಲ್ಲಿಯೂ ಸ್ಥಾಪಿತವಾಗಿರಲಿಲ್ಲ. ಸಾಲದ್ದಕ್ಕೆ ಅವಳ ಹೃದಯದ ರಕ್ತದಲ್ಲಿ ಸಕ್ಕರೆಯು ಕಡಿಮೆಯಾಗಿರದೆ ಹೆಚ್ಚಾಗಿಯೇ ಇತ್ತು! ಅವಸರದ ಮನುಷ್ಯನಾಗಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದನು. ಅವರಾದರೋ, ಸಾಯುವ ಗಳಿಗೆಯಲ್ಲಿ ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೃದಯದ ಕಡೆಗೆ ಹರಿಯಬಿಡುವದುಂಟು, ಆದದರಿಂದ ಆ ರಕ್ತದ ಸಾಕ್ಷಿಯನ್ನು ನಂಬಕೂಡದು ಎಂಬದನ್ನು ಗೊತ್ತುಮಾಡಿಕೊಂಡರು.

ಆ ಮೇಲೆ ಸೂಜಿ ಬಿದ್ದ ಸ್ಥಳಗಳ ಮಾಂಸದಿಂದ ರಸವನ್ನು ತೆಗೆದು ಇಲಿಮರಿಗಳಿಗೆ ಚುಚ್ಚಿದರು. ಇಲಿಗಳು ನಡುಗಿ, ಸೆಳೆದು, ಮೂರ್ಛೆಹೋಗಿ ಸತ್ತವು. ಬೇರೆ ಇಲಿಗಳಿಗೆ ಶುದ್ಧ ಇನ್ಸುಲಿನನ್ನು ಕೊಟ್ಟರು; ಅವೂ ಹಾಗೆಯೇ ಸತ್ತವು. ಇದರಿಂದಲೂ ತೃಪ್ತರಾಗದೆ, ಇನ್ಸುಲಿನ್ ಪಡೆಯದೆ ಸತ್ತವರ ಮಾಂಸದ ರಸವನ್ನು ಇನ್ನು ಕೆಲವು ಇಲಿಗಳಿಗೆ ಕೊಟ್ಟು ನೋಡಿದರು. ಅವುಗಳಿಗೆ ಹಾಗೆ ಆಗಲಿಲ್ಲ. ವಾಚಕರೇ, ಈ ಮೂರನೆಯ ಪರೀಕ್ಷೆಯ ಮೇಲೆ ಸ್ವಲ್ಪ ಮನಸ್ಸಿಡಿರಿ. ಮೊದಲಿನ ಎರಡು ಪರೀಕ್ಷೆಗಳು ಅಪರಾಧಿಯನ್ನು ಹಿಡಿಯುವದಕ್ಕೆ. ಮೂರನೆಯದು, ಅವನು ನಿರಪರಾಧಿಯಾಗಿದ್ದರೆ ಅವನನ್ನು ಬಿಡಿಸುವದಕ್ಕೆ. ಸುಮಾರು 84 ಅಳತೆಯಷ್ಟು ಇನ್ಸುಲಿನ್ ಆ ಮಾಂಸದಲ್ಲಿ ಉಳಿದಿತ್ತು. ಸತ್ತ ಮೇಲೆ ಮಾಂಸದಲ್ಲಿ ಹುಟ್ಟುವ ಹುಳಿಯು ಅದನ್ನು ಕೆಡದಂತೆ ಕಾಪಾಡಿತ್ತು.

ವಿಚಾರಣೆಯು ಅದೇ ವರುಷ ದಶಂಬರದಲ್ಲಿ ಲೀಡ್ಸ್ ನಗರದಲ್ಲಿ ನಡೆಯಿತು. ಇನ್ಸುಲಿನ್ ಹಾಕಿ ಕೊಂದರೆ ಅದು ರಕ್ತದಲ್ಲಿ ಕರಗಿಹೋಗುವದು, ಯಾರೂ ಕಂಡುಹಿಡಿಯಲಾರರು ಎಂದು ಬಾರ್ಲೋ ಹಿಂದೆ ಜೊತೆಗಾರರ ಸಂಗಡ ಆಡಿದ ಮಾತು ಅಲ್ಲಿ ಹೊರಬಂತು. ಅವನ ಪಕ್ಷದ ಒಬ್ಬ ವೈದ್ಯನು, ನೀರಿನಲ್ಲಿ ಜಾರಿದ ಹೆಂಗಸಿಗೆ ಪ್ರಾಣಭಯವಾಗಿ ಅವಳ ಸ್ವಂತ ಗ್ರಂಥಿಯೇ ಅಷ್ಟು ಇನ್ಸುಲಿನನ್ನು ಸುರಿಸಿರಬಹುದು ಎಂದು ವಾದಿಸಿದನು. ವಾದವು ಹುರುಳಿಲ್ಲದ್ದೇನೂ ಅಲ್ಲ. ಆದರೆ ಒಳಗಿನಿಂದ ಸುರಿದದ್ದು ಮೈಯೆಲ್ಲಾ ಹರಡಬೇಕಲ್ಲದೆ ಸೂಜಿಯ ಮೊನೆ ಬಿದ್ದ ಸ್ಥಳದಲ್ಲಿ ಮಡುಗಟ್ಟಿ ನಿಲ್ಲುವದು ಹೇಗೆ? ತೀರ್ಪುಗಾರರು ಅವನನ್ನು ಅಪರಾಧಿಯೆಂದು ನಿರ್ಣಯಿಸಿದರು. ಅವನಿಗೆ ಜೀವಾವಧಿ ಸೆರೆಯಾಯಿತು. ಸುಮಾರು 26 ವರುಷ ಸೆರೆಯಲ್ಲಿದ್ದು ಬಿಡುಗಡೆಯಾದನು.

ದಾವೀದನು ಊರೀಯನನ್ನು ಕೊಲ್ಲಿಸಿದಾಗ ಕತ್ತಿಯು ಅಮ್ಮೋನಿಯರದು, ಆಜ್ಞೆಯ ಪತ್ರವನ್ನು ಒಯ್ದವನು ಊರೀಯನೇ. ಅರಸನ ಕೈಗೆ ರಕ್ತದ ಹನಿಯೂ ತಗಲಲಿಲ್ಲ. ಬಾರ್ಲೋವಿನ ಕೃತ್ಯವೂ ಅದೇ ಜಾತಿಯದು. ನಂಬಿ ಮೈಯೊಡ್ಡಿದವರಿಗೆ ಸೂಜಿ ಹಾಕುವದು ಅವನ ಉದ್ಯೋಗ. ಆ ನಂಬಿಕೆಯನ್ನೇ ಅವನು ಆಯುಧ ಮಾಡಿಕೊಂಡನು. ವಿಷವನ್ನು ಕೊಳ್ಳುವವನು ಅಂಗಡಿಯವನಿಗೆ ಅಂಜಬೇಕು. ಇವನಿಗೆ ಆ ಅಂಜಿಕೆಯೂ ಇರಲಿಲ್ಲ.

ಬಾರ್ಲೋವಿನ ಕಾಲದ ಇಲಿಗಳ ಪರೀಕ್ಷೆಯು ಈಗಿಲ್ಲ. 1960ರ ಸುಮಾರಿಗೆ ಅಮೇರಿಕದ ಬರ್ಸನ್ ಮತ್ತು ಯಾಲೋ ಎಂಬವರು ರಕ್ತದಲ್ಲಿರುವ ಅತ್ಯಲ್ಪ ಇನ್ಸುಲಿನನ್ನೂ ಅಳೆಯುವ ಕ್ರಮವನ್ನು ಪ್ರಕಟಿಸಿದರು. ಆದರೆ ಅಳೆದ ಮಾತ್ರಕ್ಕೆ ಅದು ಮೈಯೊಳಗೆ ಹುಟ್ಟಿದ್ದೋ ಹೊರಗಿನಿಂದ ಬಂದದ್ದೋ ತಿಳಿಯದು. ಆ ಗುಟ್ಟು 1967ರಲ್ಲಿ ಶಿಕಾಗೋ ನಗರದ ಸ್ಟೈನರ್ ಎಂಬ ಪಂಡಿತನ ಶೋಧನೆಯಿಂದ ಬಿಡಿಸಲ್ಪಟ್ಟಿತು. ನಮ್ಮ ಗ್ರಂಥಿಯು ಇನ್ಸುಲಿನನ್ನು ಒಂಟಿಯಾಗಿ ಹುಟ್ಟಿಸುವದಿಲ್ಲ. ಮೊದಲು ಉದ್ದವಾದ ಒಂದು ಸರಪಣಿಯನ್ನು ಮಾಡಿ ಅದನ್ನು ಕತ್ತರಿಸುವದು. ಕತ್ತರಿಸಿದಾಗ ಒಂದು ಪಾಲು ಇನ್ಸುಲಿನ್, ಮತ್ತೊಂದು ಪಾಲು ಸಿ-ಪೆಪ್ಟೈಡ್ ಎಂಬ ತುಂಡು. ಎರಡೂ ಸರಿಸಮವಾಗಿ ರಕ್ತಕ್ಕೆ ಬೀಳುತ್ತವೆ. ಸೀಸೆಯ ಔಷಧದಲ್ಲಾದರೋ ಆ ತುಂಡು ಇರುವದಿಲ್ಲ.

ಒಕ್ಕಲಿನ ಮನೆಯವರಿಗೆ ಇದನ್ನು ತಿಳಿಯುವದು ಕಷ್ಟವಲ್ಲ. ಸ್ವಂತ ಗದ್ದೆಯಲ್ಲಿ ಬೆಳೆದವನ ಅಂಗಳದಲ್ಲಿ ಭತ್ತವೂ ಇರುವದು, ಹುಲ್ಲಿನ ಬಣವೆಯೂ ಇರುವದು. ಪಣತದಲ್ಲಿ ಭತ್ತವು ತುಂಬಿ ತುಳುಕುತ್ತಾ ಅಂಗಳದಲ್ಲಿ ಒಂದು ಹಿಡಿ ಹುಲ್ಲೂ ಇಲ್ಲದಿದ್ದರೆ ಆ ಭತ್ತವು ಬೇರೆ ಕಡೆಯಿಂದ ಬಂದದ್ದು. ಮನೆಯವರು ಭತ್ತವನ್ನು ಬೇಗ ಉಂಡು ತೀರಿಸುವರು, ಹುಲ್ಲು ಹೆಚ್ಚು ಕಾಲ ಉಳಿಯುವದು. ಹಾಗೆಯೇ ರಕ್ತದಲ್ಲಿ ಇನ್ಸುಲಿನ್ ಕೆಲವೇ ನಿಮಿಷಗಳಲ್ಲಿ ಕರಗುವದು, ಸಿ-ಪೆಪ್ಟೈಡ್ ಅರ್ಧ ತಾಸಿನಷ್ಟು ಕಾಲದಲ್ಲಿ ಅರ್ಧಕ್ಕಿಳಿಯುವದು. ಆದದರಿಂದ ಸಹಜವಾದ ಮೈಯಲ್ಲಿ ಇದೇ ಹೆಚ್ಚಾಗಿ ಕಾಣಬೇಕು. ಇನ್ಸುಲಿನ್ ಬಹಳ, ಜೊತೆಯ ತುಂಡು ಅಲ್ಪ ಎಂದು ಕಂಡರೆ ಯಾರೋ ಸೂಜಿ ಹಾಕಿದ್ದಾರೆ ಎಂಬ ಸಂಶಯಕ್ಕೆ ಬಲವಾದ ಆಧಾರವುಂಟು.

ಆಧಾರವೆಂದೆನು, ಮುಗಿದುಹೋಯಿತೆಂದು ಹೇಳಲಿಲ್ಲ. ಗ್ರಂಥಿಯನ್ನು ಹೊಡೆದೆಬ್ಬಿಸುವ ಕೆಲವು ಗುಳಿಗೆಗಳಿವೆ. ಅವನ್ನು ಗುಟ್ಟಾಗಿ ನುಂಗಿಸಿದರೆ ಭತ್ತವೂ ಹುಲ್ಲೂ ಎರಡೂ ಹೆಚ್ಚುವವು, ಆದರೂ ಕೈವಾಡವು ಇದ್ದೇ ಇದೆ. ಕೆಲವರ ರಕ್ತದಲ್ಲಿ ಇನ್ಸುಲಿನನ್ನು ಹಿಡಿದಿಡುವ ಪ್ರತಿವಸ್ತುಗಳಿದ್ದು ಲೆಕ್ಕವನ್ನು ತಪ್ಪಿಸುತ್ತವೆ. ರಕ್ತದ ಕೆಂಪುಕಣಗಳು ಒಡೆದರೆ ಅವುಗಳಲ್ಲಿರುವ ಒಂದು ವಸ್ತುವು ಇನ್ಸುಲಿನನ್ನು ತಿಂದುಹಾಕುವದು. ಆದದರಿಂದ ಸತ್ತವರ ರಕ್ತವನ್ನು ಹೆಚ್ಚಾಗಿ ನಂಬಲಾರದೆ ಕಣ್ಣಿನ ಗುಡ್ಡೆಯೊಳಗಣ ದ್ರವವನ್ನು ಪರೀಕ್ಷಿಸುವದುಂಟು.

ಈ ಎಚ್ಚರಿಕೆಯನ್ನು ಬಿಟ್ಟರೆ ಏನಾಗುವದೆಂಬದಕ್ಕೆ ಅಮೇರಿಕದಲ್ಲಿ ನಡೆದ ಒಂದು ವ್ಯಾಜ್ಯವಿದೆ. ಕ್ಲಾಸ್ ಫಾನ್ ಬ್ಯೂಲೋ ಎಂಬ ಧನವಂತನು ತನ್ನ ಹೆಂಡತಿಗೆ ಇನ್ಸುಲಿನ್ ಚುಚ್ಚಿ ಕೊಲ್ಲಲು ಯತ್ನಿಸಿದನೆಂದು 1982ರಲ್ಲಿ ಅಪರಾಧಿಯೆಂದು ತೀರ್ಪಾಯಿತು. ಅವನ ಮನೆಯಲ್ಲಿ ಸಿಕ್ಕಿದ ಒಂದು ಸೂಜಿಗೆ ಇನ್ಸುಲಿನ್ ಹತ್ತಿಕೊಂಡಿತ್ತೆಂಬದು ದೊಡ್ಡ ಸಾಕ್ಷಿ. 1984ರಲ್ಲಿ ಮೇಲಿನ ನ್ಯಾಯಸ್ಥಾನವು ಆ ತೀರ್ಪನ್ನು ತಳ್ಳಿತು. ಮರುವಿಚಾರಣೆಯಲ್ಲಿ ಪಂಡಿತರು ಬಂದು, ಮೈಯೊಳಗೆ ಚುಚ್ಚಿ ಹೊರತೆಗೆದ ಸೂಜಿಯನ್ನು ಚರ್ಮವೇ ಒರಸುವದು, ಹೊರಗೆ ಔಷಧವು ಹೀಗೆ ಮೆತ್ತಿಕೊಂಡಿರಲಾರದು, ರಕ್ತದ ಪರೀಕ್ಷೆಯೂ ನಂಬತಕ್ಕದ್ದಲ್ಲ ಎಂದು ತೋರಿಸಿದರು. 1985ರಲ್ಲಿ ಅವನು ಬಿಡುಗಡೆಯಾದನು. ಆ ಹೆಂಗಸು 2008ರಲ್ಲಿ ಸಾಯುವ ವರೆಗೂ ಎಚ್ಚರಗೊಳ್ಳಲೇ ಇಲ್ಲ. ಅವನ ಹೃದಯವನ್ನು ಬಲ್ಲವನು ದೇವರು. ನಾನು ಹೇಳುವದಿಷ್ಟೇ, ಅವನನ್ನು ದೋಷಿಯೆಂದು ಹೇಳಿಸಿದ ಸೂಜಿಯು ಆ ಭಾರವನ್ನು ಹೊರಲಾರದೆ ಮುರಿಯಿತು.

ಪಂದ್ಯಾಟಗಳವರ ನಡುವೆಯೂ ಈ ಔಷಧದ ದುರುಪಯೋಗವುಂಟು. ತಿಂದದ್ದನ್ನು ಮಾಂಸಕ್ಕೆ ಬೇಗ ಸೇರಿಸುವದೆಂದು, ಸಕ್ಕರೆ ರೋಗವಿಲ್ಲದವರೂ ಪ್ರಾಣಕ್ಕೆ ಹೆದರದೆ ಇದನ್ನು ಚುಚ್ಚಿಕೊಳ್ಳುವರು. 1998ರಲ್ಲಿ ಜಪಾನಿನ ನಗಾನೋ ಊರಿನ ಒಲಿಂಪಿಕ್ ಆಟಗಳ ಕಾಲದಲ್ಲಿ ರಷ್ಯದ ಒಬ್ಬ ವೈದ್ಯಾಧಿಕಾರಿಯು, ಇನ್ಸುಲಿನ್ ರೋಗಿಗಳಿಗೆ ಮಾತ್ರವೋ ಎಂದು ವಿಚಾರಿಸಿದ್ದೇ ಅಧಿಕಾರಿಗಳ ಕಿವಿಯನ್ನು ನೆಟ್ಟಗೆ ಮಾಡಿತು; ಬೇಗನೆ ಅದು ನಿಷೇಧಿಸಲ್ಪಟ್ಟಿತು. ಜರ್ಮನಿಯ ಕೊಲೋನ್ ನಗರದ ಪ್ರಯೋಗಶಾಲೆಯವರು, ಅಣುಗಳನ್ನು ಒಂದೊಂದಾಗಿ ತೂಗಿ ಒಡೆದು ನೋಡುವ ಯಂತ್ರದಿಂದ, ಆಟಗಾರನ ಮೂತ್ರದಲ್ಲಿ ಕೃತಕ ಇನ್ಸುಲಿನನ್ನು ಗುರುತಿಸುವ ಕ್ರಮವನ್ನು ಕಂಡುಹಿಡಿದರು. ಇನ್ಸುಲಿನ್ ಎಂಬದು 51 ಮಣಿಗಳ ಸರ. ಲಿಸ್‌ಪ್ರೋ ಎಂಬ ಕೃತಕ ಬಗೆಯಲ್ಲಿ ಎರಡು ನೆರೆಮಣಿಗಳು ತಮ್ಮ ಸ್ಥಳವನ್ನು ಬದಲಾಯಿಸಿಕೊಂಡಿವೆ, ಅಷ್ಟೇ; ತೂಕವೂ ಬದಲಾಗಿಲ್ಲ. ಆದರೂ ಸರವನ್ನು ಒಡೆದಾಗ ಗುಟ್ಟು ಹೊರಬೀಳುವದು. ಮನುಷ್ಯರ ಇನ್ಸುಲಿನಿನ ಹಾಗೆಯೇ ಮಾಡಲ್ಪಟ್ಟದ್ದನ್ನು ಚುಚ್ಚಿಕೊಂಡವನನ್ನು ಹಿಡಿಯುವದು ಈಗಲೂ ಬಹಳ ಕಷ್ಟ. ಇದೇ ಸೂಜಿಯನ್ನು ಅಪ್ಪಣೆಯಿಂದ, ಎಲ್ಲರ ಮುಂದೆ ಹಾಕಿಸಿಕೊಂಡವನೂ ಒಬ್ಬನಿದ್ದನು. ಇಂಗ್ಲೆಂಡಿನ ದೋಣಿಗಾರನಾದ ರೆಡ್‌ಗ್ರೇವ್‌ಗೆ 1997ರಲ್ಲಿ ಸಕ್ಕರೆ ರೋಗವು ಕಾಣಿಸಿತು. ಅವನು ಇನ್ಸುಲಿನ್ ತೆಗೆದುಕೊಳ್ಳುತ್ತಲೇ 2000ರಲ್ಲಿ ಸಿಡ್ನಿಯಲ್ಲಿ ತನ್ನ ಐದನೆಯ ಚಿನ್ನದ ಪದಕವನ್ನು ಗೆದ್ದನು. ಇಬ್ಬರ ಮೂತ್ರದಲ್ಲಿಯೂ ಯಂತ್ರಕ್ಕೆ ಕಾಣುವದು ಒಂದೇ ವಸ್ತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕುರುಹಿಲ್ಲದ ಪಾಪವನ್ನು ವಿಚಾರಿಸುವವರು ಯಾರು ಎಂದರೆ, ದೇವರು ಎಂಬ ಉತ್ತರವು ನಮ್ಮ ನಾಲಿಗೆಯ ತುದಿಯಲ್ಲಿದೆ; ಅದು ಸತ್ಯವೂ ಹೌದು. ಹೇಬೆಲನ ರಕ್ತದ ಕೂಗನ್ನು ಕೇಳಲು ಆತನಿಗೆ ಭೂತಗನ್ನಡಿ ಬೇಕಾಗಲಿಲ್ಲ. ಆದರೆ ಈ ಸತ್ಯವನ್ನು ಹಿಡಿದುಕೊಂಡು ನಾವು ಎರಡು ವಿಧವಾಗಿ ತಪ್ಪುತ್ತೇವೆ. ಕೆಲವರು, ದೇವರು ನೋಡಿಕೊಳ್ಳುವನು ಎಂದು ಹೇಳಿ ಹುಡುಕುವ ಶ್ರಮವನ್ನೇ ಬಿಡುವರು. ನೆರೆಮನೆಯ ಸೊಸೆಯು ಹಠಾತ್ತಾಗಿ ಸತ್ತರೆ, ಕರ್ತನ ಚಿತ್ತವೆಂದು ಹಾಡು ಹಾಡಿ ಮಣ್ಣುಮಾಡಿ ಬರುವರು. ಇದು ಭಕ್ತಿಯಲ್ಲ, ಸೋಮಾರಿತನ. ಎಲಿಜಬೆತಳ ಮೈಮೇಲೆ ದೀಪ ಹಿಡಿದ ಆ ವೈದ್ಯನು, ಬಾಯಿಲ್ಲದವಳಿಗೆ ಬಾಯಾದನು. ಇನ್ನು ಕೆಲವರು, ಮತ್ತು ಇವರೇ ನಮ್ಮಲ್ಲಿ ಹೆಚ್ಚು, ದೇವರಿಗಿರುವ ದೃಷ್ಟಿಯು ತಮಗೂ ಇದೆಯೆಂದು ತಿಳಿಯುವರು. ಒಂದು ಗುರುತು ಕಂಡರೆ ಸಾಕು, ಹೃದಯವನ್ನೇ ಕಂಡವರಂತೆ ಮಾತಾಡುವರು. ನಾಬೋತನ ಮೇಲೆ ಕಲ್ಲೆಸೆದವರಿಗೆ ಇಬ್ಬರು ಸಾಕ್ಷಿಗಳು ಇದ್ದರು, ಉಪವಾಸವೂ ಸಾರಲ್ಪಟ್ಟಿತ್ತು, ಎಲ್ಲವೂ ಕ್ರಮದಂತೆಯೇ ನಡೆಯಿತು, ಇಲ್ಲದಿದ್ದದ್ದು ಸತ್ಯವೊಂದೇ.

ಈ ಎರಡನೆಯ ತಪ್ಪನ್ನು ಇಷ್ಟು ನಿಶ್ಚಯವಾಗಿ ಬರೆಯುವದಕ್ಕೆ ಕಾರಣವುಂಟು. ಕೆಲವು ವರುಷಗಳ ಹಿಂದೆ ನಾನು ಹಿರಿಯನಾಗಿದ್ದ ಸಭೆಯಲ್ಲಿ ಕರ್ತನ ಭೋಜನವಿದ್ದ ಒಂದು ಆದಿತ್ಯವಾರ, ವಯಸ್ಸಾದ ಒಬ್ಬ ಸಹೋದರನು ಆರಾಧನೆಗೆ ಬರುವಾಗ ತೂರಾಡಿದನು. ಮಾತು ತೊದಲುತ್ತಿತ್ತು, ಮುಖವೆಲ್ಲಾ ಬೆವರು, ಕೂತುಕೊಳ್ಳೆಂದವರ ಮೇಲೆ ರೇಗಿದನು. ಅವನು ಸಭೆಗೆ ಸೇರುವದಕ್ಕಿಂತ ಮುಂಚೆ ಕುಡಿಯುತ್ತಿದ್ದನೆಂದು ಊರಿಗೆಲ್ಲಾ ಗೊತ್ತು. ನಾವು ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿದೆವು. ಯಾರೂ ಅವನ ಬಾಯಿಯ ವಾಸನೆ ನೋಡಲಿಲ್ಲ, ಏನು ತಿಂದೆ ಎಂದು ಕೇಳಲಿಲ್ಲ. ಅವನ ಮೊಮ್ಮಗನು ಅವನನ್ನು ಮನೆಗೆ ಕರೆದುಕೊಂಡುಹೋದನು. ಆರಾಧನೆ ಮುಗಿದ ಮೇಲೆ ಅರ್ಧ ತಾಸು ಕೂತು, ಅವನನ್ನು ಮೂರು ತಿಂಗಳು ಕರ್ತನ ಮೇಜಿನಿಂದ ದೂರವಿಡಬೇಕೆಂದು ಗೊತ್ತುವಳಿ ಬರೆದೆವು. ಬರೆದವನು ನಾನೇ.

ಬುಧವಾರ ಅವನ ಮಗಳು ಬಂದು ಹೇಳಿದಳು. ಅವನಿಗೆ ಆ ವರುಷ ಇನ್ಸುಲಿನ್ ಆರಂಭವಾಗಿತ್ತು. ಮುಂಜಾನೆ ಎಂದಿನಂತೆ ಸೂಜಿ ಹಾಕಿಸಿಕೊಂಡನು. ಕರ್ತನ ಭೋಜನಕ್ಕೆ ಹೋಗುವವನು ಹೊಟ್ಟೆ ಬರಿದಾಗಿ ಹೋಗಬೇಕೆಂದು ಗಂಜಿಯನ್ನು ಮುಟ್ಟಲಿಲ್ಲ. ಮನೆಯಲ್ಲಿ ಮೊಮ್ಮಗನು ಸಕ್ಕರೆ ನೀರು ಕುಡಿಸಿದ ಕಾಲು ತಾಸಿನಲ್ಲಿ ಅವನಿಗೆ ಬುದ್ಧಿ ನೆಟ್ಟಗಾಯಿತು. ಹನ್ನೆರಡು ವರುಷದ ಹುಡುಗನಿಗೆ ತಿಳಿದದ್ದು ನಾಲ್ಕು ಮಂದಿ ಹಿರಿಯರಿಗೆ ತಿಳಿಯಲಿಲ್ಲ.

ಆದಕಾರಣ ಈ ರೋಗವುಳ್ಳವರು ನಿಮ್ಮ ನಡುವೆ ಬೆವರಿ, ನಡುಗಿ, ತಪ್ಪುತಪ್ಪಾಗಿ ಮಾತಾಡುವದನ್ನು ಕಂಡರೆ, ಎಚ್ಚರವಿದ್ದು ನುಂಗಲು ಶಕ್ತಿಯಿದ್ದಾಗಲೇ ಸಕ್ಕರೆಯನ್ನಾಗಲಿ ಬೆಲ್ಲದ ನೀರನ್ನಾಗಲಿ ಕೊಡಿರಿ. ಎಚ್ಚರ ತಪ್ಪಿದವರ ಬಾಯೊಳಗೆ ಏನನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿ ತಕ್ಷಣವೇ ಆಸ್ಪತ್ರೆಗೆ ಒಯ್ಯಿರಿ. ಸೂಜಿ ಹಾಕಿಕೊಂಡವರು ಉಪವಾಸವಿರಬಾರದು. ವೈದ್ಯರನ್ನು ಕೇಳದೆ ಅಳತೆಯನ್ನು ಬದಲಾಯಿಸಲೂ ಬಾರದು. ಸಭಾಪಾಲಕರು ಇದನ್ನು ಕರ್ತನ ಭೋಜನದ ಮುಂಚಿನ ವಾರ ಸಭೆಗೆ ತಿಳಿಸುವದು ಒಳ್ಳೇದು.

ನಾನು ಅಂದು ಸಂಜೆಯೇ ಅವನ ಮನೆಗೆ ಹೋದೆನು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದರೂ ಬಾಗಿಲಲ್ಲಿ ಮಾತು ಹೊರಡಲಿಲ್ಲ. ಅವನು ಚಾಪೆ ಹಾಸಿ, ಬಂದವರಿಗೆ ಕೊಡುವ ಹಾಗೆ ಬೆಲ್ಲವನ್ನೂ ನೀರನ್ನೂ ನನ್ನ ಮುಂದಿಟ್ಟನು. ಮುಂದಿನ ಆದಿತ್ಯವಾರ ನಾವು ನಾಲ್ವರೂ ಸಭೆಯ ಮುಂದೆ ನಿಂತು ನಮ್ಮ ತಪ್ಪನ್ನು ಅರಿಕೆಮಾಡಿದೆವು. ಆ ಗೊತ್ತುವಳಿಯ ಮೇಲೆ ಗೆರೆ ಎಳೆದು ಹೊಡೆದುಹಾಕಿದೆವು. ಸಭೆಯ ಪುಸ್ತಕದಲ್ಲಿ ಆ ಹಾಳೆ ಇನ್ನೂ ಇದೆ. ಗೆರೆಯ ಕೆಳಗಿನ ಅಕ್ಷರಗಳನ್ನು ಈಗಲೂ ಓದಬಹುದು.